ಪಾಡ್ಯದ ನೀರು

ನೂಲಗೇರಿಯ ಹಳ್ಳಕ್ಕೆ ಮೊದಲೆಲ್ಲ ದಿನಕ್ಕೊಂದು ಬಣ್ಣವಿತ್ತು. ಕೆಂಪು ಹರಿದರೆ ಮದುವೆ ಸೀರೆಗಳಿಗೆ ಬೇಡಿಕೆ ಬಂದಿದೆಯೆಂದೂ ಹಸಿರು ಹರಿದರೆ ಶ್ರಾವಣ ಹತ್ತಿರವಾಯಿತೆಂದೂ ದಂಡೆಯಲ್ಲಿ ಕೂತವರು ಹೇಳುತ್ತಿದ್ದರು. ನೂಲಿಗೆ ಬಣ್ಣ ಹಾಕುವ ಮನೆಗಳೆಲ್ಲ ಹಳ್ಳಕ್ಕೆ ಹಿತ್ತಿಲು ಕೊಟ್ಟು ನಿಂತಿದ್ದವು. ನೂಲು ಹೀರಿ ಉಳಿದ ಬಣ್ಣವೆಲ್ಲ ಅದಕ್ಕೇ ಸೇರುತ್ತಿತ್ತು. ಆ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ, ಎಮ್ಮೆಯನ್ನು ಸಹ ಇಳಿಸುತ್ತಿರಲಿಲ್ಲ. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಕಣ್ಣಿಗೇ ಗೊತ್ತಾಗುತ್ತಿತ್ತು.

ಮಗ್ಗದವರಿಗೂ ಬಣ್ಣದವರಿಗೂ ತಿಂಗಳಿಗೆ ಒಂದೇ ರಜೆ, ಅಮಾವಾಸ್ಯೆ. ಅಂದು ಬಣ್ಣದ ಹಂಡೆಗಳು ಬೋರಲು ಬೀಳುತ್ತಿದ್ದವು. ಮರುದಿನ, ಪಾಡ್ಯದ ಬೆಳಿಗ್ಗೆ, ಹಳ್ಳ ತಳದ ಕಲ್ಲು ಕಾಣುವಷ್ಟು ತಿಳಿಯಾಗಿ ಹರಿಯುತ್ತಿತ್ತು. ಹೆಂಗಸರು ಕೌದಿ ಹೊತ್ತು ಬರುತ್ತಿದ್ದರು, ಮಕ್ಕಳು ನೀರಿಗೆ ಜಿಗಿಯುತ್ತಿದ್ದರು, ಕೊಡಗಳು ತುಂಬುತ್ತಿದ್ದವು. ನಮ್ಮೂರಲ್ಲಿ ‘ಪಾಡ್ಯದ ನೀರು’ ಎಂದರೆ ಕಣ್ಣುಮುಚ್ಚಿ ನಂಬಬಹುದಾದದ್ದು. ಚನ್ನಬಸು ಅವರ ಜೊತೆ ನನ್ನ ಲಗ್ನ ಗೊತ್ತಾದಾಗ ನನ್ನ ಅವ್ವ ಅದೇ ಮಾತು ಹೇಳಿದ್ದಳು. ಹುಡುಗ ಪಾಡ್ಯದ ನೀರಿದ್ದಂಗ ಅದಾನ, ಸುಗಲಾ, ಒಪ್ಪಿಕೋ ಎಂದಿದ್ದಳು.

ಆಮೇಲೆ ಆಕಾಶಕ್ಕೆ ಕಣ್ಣು ಬಂತು. ಗಂಟೆಗೊಮ್ಮೆ ಉಪಗ್ರಹವೊಂದು ನಾಡಿನ ಪ್ರತಿ ಹಳ್ಳ, ಪ್ರತಿ ಹೊಳೆಯ ಚಿತ್ರ ತೆಗೆಯತೊಡಗಿತು. ನೀರಿನಲ್ಲಿ ಬಣ್ಣ ಕಂಡರೆ ಆ ಊರಿನ ಮಗ್ಗಗಳ ಕರೆಂಟು ತಾನಾಗಿಯೇ ನಿಂತುಹೋಗುತ್ತದೆ. ಕೇಳಲು ಆಫೀಸೂ ಇಲ್ಲ, ಕೈಮುಗಿಯಲು ಸಾಹೇಬನೂ ಇಲ್ಲ. ಮೊದಲ ವರ್ಷ ನೂಲಗೇರಿಯ ಮಗ್ಗಗಳು ಅರ್ಧ ವರ್ಷಕ್ಕಿಂತ ಹೆಚ್ಚು ಕಾಲ ನಿಂತೇ ಇದ್ದವು. ಆಗ ನಮ್ಮೂರಿಗೆ ಬಂದದ್ದು ಬಣ್ಣತಿನಿ.

ಅದು ಪ್ರಯೋಗಶಾಲೆಯಲ್ಲಿ ಬೆಳೆಸಿದ ಬ್ಯಾಕ್ಟೀರಿಯ. ಊರವರ ಬಾಯಲ್ಲಿ ಹುಳ. ಬಣ್ಣದ ಮನೆಗಳ ನೀರನ್ನೆಲ್ಲ ಊರ ಹೊರಗಿನ ಪ್ಲಾಂಟಿಗೆ ತಿರುಗಿಸಿ, ಗಾಳಿಯಾಡದ ಮೊದಲ ತೊಟ್ಟಿಯಲ್ಲಿ ಈ ಹುಳಕ್ಕೆ ಉಣಿಸುತ್ತಾರೆ. ನಮ್ಮ ಬಣ್ಣಗಳ ಅಣುವಿನ ನಡುವೆ ಎರಡು ನೈಟ್ರೋಜನ್ ಪರಮಾಣುಗಳ ಒಂದು ಕೊಂಡಿ ಇರುತ್ತದೆ. ಬಣ್ಣ ಕಾಣುವುದೇ ಆ ಕೊಂಡಿಯಿಂದ. ಹುಳ ಕೊಂಡಿಯನ್ನು ಮುರಿಯುತ್ತದೆ. ಇಪ್ಪತ್ತು ನಿಮಿಷದಲ್ಲಿ ಕೆಂಪು ನೀರು ಮಳೆನೀರಿನಂತಾಗುತ್ತದೆ. ಆದರೆ ಮುರಿದ ಎರಡು ತುಂಡುಗಳು ನೀರಲ್ಲೇ ಉಳಿಯುತ್ತವೆ. ಅವಕ್ಕೆ ಬಣ್ಣವಿಲ್ಲ. ಬಣ್ಣಕ್ಕಿಂತ ಹೆಚ್ಚು ವಿಷ ಅವೇ. ಅವನ್ನು ತಿನ್ನಲೆಂದು ಎರಡನೆಯ ತೊಟ್ಟಿಯಲ್ಲಿ ಬೇರೆ ಜಾತಿಯ ಹುಳವಿದೆ. ಅದು ಬದುಕಲು ಗಾಳಿ ಬೇಕು. ದೊಡ್ಡ ಬ್ಲೋವರುಗಳು ತೊಟ್ಟಿಯ ತಳದಿಂದ ಎಡೆಬಿಡದೆ ಗಾಳಿ ಊದುತ್ತಿರಬೇಕು.

ಆ ಎರಡನೆಯ ತೊಟ್ಟಿಯ ಉಸ್ತುವಾರಿ ನನ್ನ ಗಂಡನದು. ಹುಳದ ಪಾಠವನ್ನು ಊರಿನ ಮಕ್ಕಳಿಗೆ ಹೇಳುವ ಕೆಲಸ ನನ್ನದು.

ಎಂಟನೆಯ ತರಗತಿಗೆ ರಾಸಾಯನಿಕ ಕ್ರಿಯೆಗಳ ಪಾಠ ಬಂದಾಗ ನಾನು ಪ್ಲಾಂಟಿನವರು ಕೊಟ್ಟ ಗಾಜಿನ ಮಾದರಿಯನ್ನು ಮೇಜಿನ ಮೇಲಿಡುತ್ತಿದ್ದೆ. ಅದರಲ್ಲೂ ಎರಡು ಜಾಡಿ. ಮೊದಲನೆಯದಕ್ಕೆ ಕೆಂಪು ನೀರು ಸುರಿದು ಮುಚ್ಚಿದರೆ ಅವಧಿ ಮುಗಿಯುವುದರೊಳಗೆ ತಿಳಿಯಾಗುತ್ತಿತ್ತು. ಮಕ್ಕಳು ಪ್ರತಿ ವರ್ಷವೂ ಚಪ್ಪಾಳೆ ತಟ್ಟುತ್ತಿದ್ದರು. ಎರಡನೆಯ ಜಾಡಿಗೆ ಪುಟ್ಟ ಗಾಳಿ ಪಂಪಿತ್ತು, ಅದಕ್ಕೆ ನಾಲ್ಕು ಗಂಟೆ ಬೇಕು. ಒಳಗೆ ಹೋಗುವುದೂ ತಿಳಿನೀರು, ಹೊರಗೆ ಬರುವುದೂ ತಿಳಿನೀರು. ನೋಡಲು ಏನೂ ಇಲ್ಲದ್ದನ್ನು ನಲವತ್ತೆರಡು ಮಕ್ಕಳಿಗೆ ನಾಲ್ಕು ಗಂಟೆ ಹೇಗೆ ತೋರಿಸಲಿ? ಉಳಿದದ್ದು ಇಲ್ಲಿ ಶುದ್ಧವಾಗುತ್ತದೆ ಎಂದು ಒಂದೇ ಮಾತಿನಲ್ಲಿ ಮುಗಿಸುತ್ತಿದ್ದೆ. ಪಂಪಿನ ಮೇಲೆ ಧೂಳು ಕೂತಿತ್ತು. ಟಿಪ್ಪಣಿಯಲ್ಲಿ ನಾನು ಬರೆಸಿದ ವಾಕ್ಯ ಇನ್ನೂ ಚಿಕ್ಕದು: ಬಣ್ಣ ಹೋದ ನೀರು ಶುದ್ಧ ನೀರು. ಪರೀಕ್ಷೆಯಲ್ಲಿ ಅದಕ್ಕೆ ಎರಡು ಅಂಕ.

ಮೂರು ವರ್ಷದ ಹಿಂದೆ ಪ್ಲಾಂಟಿನವರು ಶಾಲೆಗೊಂದು ನಲ್ಲಿ ಹಾಕಿಸಿಕೊಟ್ಟರು. ಎರಡೂ ತೊಟ್ಟಿ ದಾಟಿ ಬಂದ ನೀರು ಅದರಲ್ಲಿ ಬರುತ್ತಿತ್ತು. ಮಕ್ಕಳು ಅನುಮಾನದಿಂದ ನೋಡುತ್ತ ನಿಂತಿದ್ದಾಗ ಮೊದಲ ಲೋಟ ನಾನೇ ಹಿಡಿದು ಎಲ್ಲರೆದುರು ಕುಡಿದೆ. ಆ ನೀರು ನಿಜಕ್ಕೂ ಚೆನ್ನಾಗಿತ್ತು. ಊರೂ ನಿಧಾನವಾಗಿ ಬದಲಾಯಿತು. ದಿನವೂ ಪಾಡ್ಯ ಬಂದಂತೆ ಹಳ್ಳ ತಿಳಿಯಾಗಿ ಹರಿಯುತ್ತಿತ್ತು. ದೂರದ ಬಾವಿಗೆ ಹೋಗುವುದನ್ನು ಹೆಂಗಸರು ಬಿಟ್ಟರು. ಕಾಯಿಪಲ್ಯೆ ತೊಳೆಯುವುದು, ಹಿಟ್ಟು ನಾದುವುದು, ಕೂಸುಗಳಿಗೆ ಎರೆಯುವುದು ಎಲ್ಲ ಅದರಲ್ಲೇ ಆಯಿತು.

ಈಚಿನ ಕೆಲವು ತಿಂಗಳಿಂದ ನಮ್ಮ ಮನೆಯಲ್ಲಿ ಮಾತ್ರ ಕುಡಿಯುವ ನೀರನ್ನು ನನ್ನ ಗಂಡ ಡಬ್ಬಿಯಲ್ಲಿ ತರುತ್ತಿದ್ದರು. ಪ್ಲಾಂಟಿನ ಒಳಗಿನ ನಲ್ಲಿಯದು, ತಾಜಾ ಇರುತ್ತದೆ, ಬೇಳೆಯೂ ಬೇಗ ಬೇಯುತ್ತದೆ ಎನ್ನುತ್ತಿದ್ದರು. ಬೇಳೆ ಬೇಗ ಬೇಯುತ್ತಿದ್ದದ್ದು ನಿಜ. ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತ, ನನ್ನ ತರಗತಿಯಲ್ಲೇ ಓದುವ ಮಗಳು ಬನಶ್ರೀಯ ಜಡೆಗೆ ಒಂದು ಕಣ್ಣಿಟ್ಟು ಒದ್ದಾಡುವಾಗ ಅವರು ಮಾತಾಡದೆ ಅವಳ ಶಾಲೆಯ ಬಾಟಲಿ ತೊಳೆದು, ತುಂಬಿ, ಮುಚ್ಚಳ ತಿರುಗಿಸಿ, ತಲೆಕೆಳಗು ಮಾಡಿ ಸೋರುತ್ತದೆಯೇ ಎಂದು ನೋಡಿ ಚೀಲದಲ್ಲಿಡುತ್ತಿದ್ದರು. ಒಂದು ದಿನವೂ ತಪ್ಪಿಸಲಿಲ್ಲ. ನನಗೂ ಮನೆಯ ನೀರೇ ಒಯ್ಯಲು ಹೇಳುತ್ತಿದ್ದರು. ಅಕ್ಕೋರೇ ಬಾಟಲಿ ಹಿಡಿದು ಬಂದರೆ ಮಕ್ಕಳು ನಲ್ಲಿಯನ್ನು ನಂಬುವುದು ಹೇಗೆ ಎಂದು ನಾನು ನಗುತ್ತಿದ್ದೆ. ಉಳಿದ ಟೀಚರುಗಳ ಮುಂದೆ ಅವರ ಈ ಪ್ರೀತಿಯನ್ನು ಹೇಳಿಕೊಂಡು ಹೆಮ್ಮೆಪಟ್ಟದ್ದೂ ಉಂಟು.

ಒಂದು ಶುಕ್ರವಾರ ನನ್ನ ತರಗತಿಯ ತಸ್ಲೀಮಾ ರಂಗರೇಜ ಒಂದು ನೂಲಿನ ಲಡಿ ತಂದು ನನ್ನ ಮೇಜಿನ ಮೇಲಿಟ್ಟಳು. ಅವಳದು ತಲೆಮಾರುಗಳಿಂದ ಬಣ್ಣ ಹಾಕುವ ಮನೆ. ಲಡಿ ಕಿತ್ತಳೆ ಬಣ್ಣಕ್ಕಿತ್ತು, ಅಲ್ಲಲ್ಲಿ ಮಬ್ಬು.

ಅವಳ ದಾದಾ, ಅಂದರೆ ಅಜ್ಜ ಇಮಾಮಸಾಬರು, ಇನ್ನೂ ಹಳೆಯ ಎರಡು ಹಂಡೆಯ ಪದ್ಧತಿಯಲ್ಲೇ ಕೆಂಪು ಕಟ್ಟುವವರು. ಮೊದಲ ಹಂಡೆಯಲ್ಲಿ ನೂಲಿಗೆ ನ್ಯಾಫ್ತಾಲ್ ಕುಡಿಸಬೇಕು, ಆಗ ಅದಕ್ಕೆ ಬಣ್ಣವೇ ಇರುವುದಿಲ್ಲ. ಎರಡನೆಯ ಹಂಡೆಯಲ್ಲಿ ನೀರು, ಮಂಜುಗಡ್ಡೆ, ಆ್ಯಸಿಡ್, ನೈಟ್ರೈಟ್ ಉಪ್ಪು ಮತ್ತು ಬಣ್ಣದವರು ‘ಬೇಸ್’ ಎಂದು ಕರೆಯುವ ಪುಡಿ. ಬಿಳಿ ನೂಲು ಅದರಲ್ಲಿ ಮುಳುಗುತ್ತಲೇ ಕೆಂಪಾಗಿ ಮೇಲೇಳುತ್ತದೆ. ಈಚೆಗೆ ದಾದಾಗೆ ಮರೆವು. ಹಿಂದಿನ ದಿನ ಬೇಸ್ ಹಾಕುವುದನ್ನೇ ಮರೆತು ನೂಲು ಅದ್ದಿಬಿಟ್ಟಿದ್ದರು. ನೂಲು ಬಿಳಿಯಾಗಿಯೇ ಉಳಿಯಬೇಕಿತ್ತು. ಕಿತ್ತಳೆಯಾಯಿತು. ನನ್ನ ಹಂಡೆಗೆ ಯಾರು ಕೈ ಹಾಕಿದಿರಿ ಎಂದು ದಾದಾ ಮನೆಯವರಿಗೆಲ್ಲ ಬೈದಿದ್ದರು. ಬೇಸಿನ ಡಬ್ಬಿಯ ಸೀಲೂ ಒಡೆದಿರಲಿಲ್ಲ.

“ಯಾರೂ ಹಾಕಿಲ್ರಿ ಅಕ್ಕೋರ,” ಎಂದಳು ತಸ್ಲೀಮಾ. “ನಾನು ಅಲ್ಲೇ ನಿಂತಿದ್ದೆ. ಮತ್ತ ಬಣ್ಣ ಎಲ್ಲಿಂದ ಬಂತ್ರಿ?”

ಹಂಡೆಗೆ ನೀರು ಎಲ್ಲಿಯದು ಎಂದು ಕೇಳಿದೆ. ಹಳ್ಳದ್ದು ಎಂದಳು.

ಲಡಿಯನ್ನು ಮತ್ತೆ ಕೈಗೆತ್ತಿಕೊಂಡೆ. ಬಣ್ಣದವರ ಬೇಸ್ ಮತ್ತು ಹುಳ ಮುರಿದು ಬಿಟ್ಟ ತುಂಡು ಒಂದೇ ಜಾತಿಯವು. ದಾದಾ ಹಾಕಲು ಮರೆತದ್ದು ನೀರಿನಲ್ಲಿ ಮೊದಲೇ ಇತ್ತು. ಮುರಿದ ಕೊಂಡಿ ಆ ಹಂಡೆಯಲ್ಲಿ ಮತ್ತೆ ಕೂಡಿಕೊಂಡಿತ್ತು. ಎರಡನೆಯ ತೊಟ್ಟಿ ತನ್ನ ಕೆಲಸ ಮಾಡುತ್ತಿದ್ದರೆ ಆ ನೂಲು ಸಾದಾ ನೂಲಾಗಿ ಉಳಿಯಬೇಕಿತ್ತು.

ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ತಸ್ಲೀಮಾಳನ್ನು ಉಳಿಸಿಕೊಂಡು ಪರೀಕ್ಷೆ ಮಾಡಿದೆ. ನ್ಯಾಫ್ತಾಲ್ ಕುಡಿಸಿದ ನೂಲು, ನೈಟ್ರೈಟು ಅವಳ ಮನೆಯವು, ಆ್ಯಸಿಡ್ ಶಾಲೆಯದು. ಮಂಜುಗಡ್ಡೆಯನ್ನು ಐಸ್‌ಕ್ಯಾಂಡಿಯ ಗಾಡಿಯವನಿಂದ ತಂದೆವು. ನಾಲ್ಕು ಲೋಟ. ಒಂದರಲ್ಲಿ ಹಳ್ಳದ ನೀರು, ಇನ್ನೊಂದರಲ್ಲಿ ಶಾಲೆಯ ನಲ್ಲಿಯದು, ಮೂರನೆಯದರಲ್ಲಿ ಪಕ್ಕದೂರಿನ ಹಳೆಯ ಬಾವಿಯದು. ನಾಲ್ಕನೆಯದು ನಮ್ಮ ಮನೆಯ ಡಬ್ಬಿಯದು. ಪ್ಲಾಂಟಿನ ಒಳಗಿನ ನೀರಿನಲ್ಲಿ ವಿಷ ಎಷ್ಟು ದಟ್ಟವಾಗಿದೆಯೋ ನೋಡೋಣ ಎಂದುಕೊಂಡು ತಂದಿದ್ದೆ. ಬನಶ್ರೀ ಹುಟ್ಟಿದಾಗಿನಿಂದ ಹೊಟ್ಟೆ ಸೂಕ್ಷ್ಮದ ಹುಡುಗಿ.

ಹಳ್ಳದ ಎಳೆ ಕಿತ್ತಳೆಯಾಯಿತು. ನಲ್ಲಿಯದೂ ಆಯಿತು. ಬಾವಿಯದು ಬಿಳಿಯಾಗಿ ಉಳಿಯಿತು. ನಮ್ಮ ಮನೆಯದು ಕೂಡ ಬಿಳಿಯಾಗಿಯೇ ಉಳಿಯಿತು.

ನೈಟ್ರೈಟ್ ಕಡಿಮೆಯಾಯಿತೇನೋ ಎಂದು ಮತ್ತೆ ಮಾಡಿದೆ. ಮೂರನೆಯ ಸಲ ತಸ್ಲೀಮಾಳ ಕೈಯಲ್ಲಿ ಮಾಡಿಸಿದೆ. ಬಿಳಿ. ಮೊದಲು ನನಗಾದದ್ದು ಸಂತೋಷ, ಸುಳ್ಳೇಕೆ ಹೇಳಲಿ. ನನ್ನ ಮಗಳ ಹೊಟ್ಟೆಗೆ ಅದು ಹೋಗಿರಲಿಲ್ಲ. ಆಮೇಲೆ ಕಣ್ಣು ತಸ್ಲೀಮಾಳ ಮೇಲೆ ಬಿತ್ತು. ಅವಳು ಲೋಟಗಳನ್ನು ತೊಳೆದು, ಬಾಯಾರಿಕೆಯಾಗಿ, ಅಭ್ಯಾಸದಂತೆ ನಲ್ಲಿಗೆ ಬೊಗಸೆ ಒಡ್ಡಿದ್ದಳು. ಓಡಿಹೋಗಿ ಕೈ ಹಿಡಿದೆ. ಅವಳ ಬೊಗಸೆ ಬಿಚ್ಚಿ ನೀರು ಚೆಲ್ಲಿತು. ಪ್ಲಾಂಟಿನ ನೀರಲ್ಲ ನಮ್ಮ ಮನೆಯದು ಎನ್ನುವುದು ನನಗೆ ಆ ಗಳಿಗೆಯಲ್ಲಿ ಪೂರ್ತಿ ಅರ್ಥವಾಯಿತು.

ಸಂಜೆ ಬನಶ್ರೀ ಆಡಲು ಹೋಗಿದ್ದಳು. ನಾನು ಬೇಳೆ ಇಟ್ಟಿದ್ದೆ. ಅವರು ಕೆಲಸದಿಂದ ಬಂದು, ಕೈಕಾಲು ತೊಳೆದು, ಅಡುಗೆಮನೆಯ ಹೊಸ್ತಿಲಲ್ಲಿ ಕೂತರು. ಆ ಡಬ್ಬಿಯ ನೀರು ಎಲ್ಲಿಯದು ಎಂದು ಕೇಳಿದೆ.

“ಪ್ಲಾಂಟಿಂದು. ಹೇಳೀನಲ್ಲ.”

ನಾಲ್ಕು ಎಳೆಗಳನ್ನೂ ಅವರ ಮುಂದಿಟ್ಟೆ. ಯಾವುದು ಯಾವ ನೀರಿನದೆಂದು ಹೇಳಿದೆ. ಅವರು ಹದಿನೈದು ವರ್ಷ ಆ ಹುಳಗಳ ಜೊತೆಗಿದ್ದವರು, ನಾನು ವಿವರಿಸಬೇಕಾಗಲಿಲ್ಲ. ಬೇಳೆ ಉಕ್ಕಿತು, ಒಲೆ ಸಣ್ಣದು ಮಾಡಿದೆ. ಆಮೇಲೆ ಅವರು ತಮ್ಮ ಅಕ್ಕನ ಊರಿನ ಹೆಸರು ಹೇಳಿದರು. ಅಲ್ಲಿನ ಬೋರಿನ ನೀರು.

ಏಳು ತಿಂಗಳ ಹಿಂದೆ ಊರಿಗೆ ಕರೆಂಟು ಸಾಲದೆ ಬಂದಾಗ ಪ್ಲಾಂಟಿನ ಸಾಹೇಬ ಬ್ಲೋವರುಗಳ ಕರೆಂಟನ್ನು ಮಗ್ಗಗಳಿಗೆ ತಿರುಗಿಸಲು ಹೇಳಿದರಂತೆ. ಒಂದು ವಾರಕ್ಕೆ ಎಂದಿದ್ದರಂತೆ. ವಾರ ಕಳೆಯಿತು. ಮೊದಲ ತೊಟ್ಟಿಯಲ್ಲೇ ಬಣ್ಣ ಹೋಗುತ್ತಿದ್ದುದರಿಂದ ಆಕಾಶದ ಕಣ್ಣಿಗೆ ಏನೂ ಗೊತ್ತಾಗಲಿಲ್ಲ, ಹಳ್ಳ ತಿಳಿಯಾಗಿಯೇ ಹರಿಯಿತು, ಯಾರೂ ಕೇಳಲಿಲ್ಲ. ಗಾಳಿಯಿಲ್ಲದೆ ಎರಡನೆಯ ತೊಟ್ಟಿಯ ಹುಳ ಸತ್ತುಹೋಯಿತು. ಪರದೆಯ ಮೇಲೆ ಮಾತ್ರ ಹಸಿರು ದೀಪ ಉರಿಯುತ್ತಿತ್ತು, ಅದಕ್ಕೆ ಬೇಕಾದ ಅಂಕಿಗಳನ್ನು ದಿನಾ ಬೆಳಿಗ್ಗೆ ಇವರೇ ತುಂಬುತ್ತಿದ್ದರು. ಬಾಟಲಿ ತುಂಬಿದ ಕೈಯಿಂದಲೇ.

ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಹೇಳಿದ್ರ ನೀ ಸುಮ್ನಿರ್ತಿದ್ದಿಲ್ಲ.”

ನಿಜ, ಸುಮ್ಮನಿರುತ್ತಿರಲಿಲ್ಲ. ಹದಿನಾರು ವರ್ಷದ ಸಂಸಾರದಲ್ಲಿ ಅವರು ನನ್ನನ್ನು ಎಷ್ಟು ಚೆನ್ನಾಗಿ ಅರಿತುಕೊಂಡಿದ್ದರೆಂದು ಆಗ ತಿಳಿಯಿತು. ಆ ಅರಿವನ್ನು ಅವರು ನನ್ನಿಂದ ಬಚ್ಚಿಡುವುದಕ್ಕೆ ಬಳಸಿದ್ದರು.

ಅವರು ತಲೆ ತಗ್ಗಿಸಿ ಎಳೆಗಳನ್ನು ಬೆರಳಿಂದ ದೂರ ಸರಿಸಿದರು. “ಕೂಸಿನ ಬಾಟಲಿಗೆ ಆ ನೀರು ತುಂಬಾಕ ನನ್ನ ಕೈ ಬರ್ಲಿಲ್ಲ, ಸುಗಲಾ.”

“ಉಳಿದ ನಲ್ವತ್ತೊಂದು ಕೂಸಿಗೆ ನನ್ನ ಕೈಲೆ ಕುಡಿಸೀರಿ,” ಎಂದೆ. “ಏಳು ತಿಂಗಳು.”

ಬೇಳೆ ಬೆಂದಿತ್ತು. ಒಗ್ಗರಣೆ ಹಾಕಿದೆ, ಬನಶ್ರೀ ಬಂದಳು, ಮೂವರೂ ಉಂಡೆವು. ಅವಳ ತಟ್ಟೆಗೆ ಅವರು ಎಂದಿನಂತೆ ತುಪ್ಪ ಬಡಿಸಿದರು. ಆ ತುಪ್ಪದ ಕಡೆ ನೋಡಲು ನನ್ನಿಂದ ಆಗಲಿಲ್ಲ.

ಭಾನುವಾರ ಹೆಡ್ ಮಾಸ್ತರರ ಮನೆಗೆ ಹೋದೆ. ಪ್ಲಾಂಟಿನಿಂದ ಕಾಗದ ಬರದೆ ನಲ್ಲಿ ಮುಚ್ಚುವುದು ತಮ್ಮ ಕೈಯಲ್ಲಿಲ್ಲ ಎಂದರು. ಮಕ್ಕಳ ಮನೆಗಳಿಗೆ ಹೋದೆ, ಹತ್ತೊಂಬತ್ತು ಮನೆ. ಎಲ್ಲೆಡೆ ಕೂರಿಸಿ ಮಾತಾಡಿಸಿದರು, ಆ ನೀರಿನಲ್ಲೇ ಚಹಾ ಮಾಡಿಕೊಟ್ಟರು. ನಾನು ಮುಟ್ಟದೆ ಎದ್ದರೆ ಬೇಜಾರು ಮಾಡಿಕೊಂಡರು. ಒಬ್ಬ ತಾಯಿ ಕೊಡ ಬಗ್ಗಿಸಿ ನೀರು ತೋರಿಸಿ ನಕ್ಕಳು. ಪಾಡ್ಯದ ನೀರಿನಂಥ ನೀರಿಗೆ ಹೆಸರು ಇಡ್ತೀರಲ್ರಿ ಅಕ್ಕೋರ, ನೀವs ಅಲ್ಲೇನ್ರಿ ಕುಡೀರಿ ಅಂದಾವ್ರು ಎಂದಳು. ನನ್ನ ಟಿಪ್ಪಣಿಯ ವಾಕ್ಯ ಆ ಮನೆಯ ಗೋಡೆಯ ಮೇಲೂ ಇತ್ತು. ಮಗ ದುಂಡಗೆ ಬರೆದು ಅಂಟಿಸಿದ್ದ.

ಕಣ್ಣಿಗೆ ಕಂಡದ್ದನ್ನು ಬಾಯಿಮಾತು ಗೆಲ್ಲುವುದಿಲ್ಲ ಎಂದು ಗೊತ್ತಾಯಿತು. ಸೋಮವಾರ ಬೆಳಿಗ್ಗೆ ಪ್ರತಿ ಮಗುವಿಗೂ ಮನೆಯಿಂದ ಒಂದು ಲೋಟ ಕುಡಿಯುವ ನೀರು ತರಲು ಸುದ್ದಿ ಕಳಿಸಿದೆ. ಬನಶ್ರೀಯನ್ನು ಏನೋ ನೆಪ ಹೇಳಿ ಮನೆಯಲ್ಲಿ ಉಳಿಸಬಹುದಿತ್ತು. ಹಾಗೆ ಮಾಡಿದರೆ ನಾನೂ ಅವರಂತೆಯೇ ಆಗುತ್ತೇನೆ ಅನ್ನಿಸಿತು. ಅವಳು ತನ್ನ ಬಾಟಲಿಯಿಂದಲೇ ಲೋಟ ತುಂಬಿಕೊಂಡು ಮೂರನೆಯ ಬೆಂಚಿನಲ್ಲಿ ಎಲ್ಲರಂತೆ ಕಾದು ಕೂತಳು.

ನಲವತ್ತೆರಡು ಎಳೆ. ಪ್ರತಿಯೊಂದಕ್ಕೂ ಹೆಸರಿನ ಚೀಟಿ. ಮಂಜುಗಡ್ಡೆ ಕರಗುವ ಮೊದಲು ಮುಗಿಸಬೇಕೆಂದು ಬೇಗಬೇಗ ಅದ್ದುತ್ತ ಹೋದೆವು. ಮೊದಲು ಮಕ್ಕಳಿಗೆ ಆಟವಾಗಿತ್ತು. ಬಣ್ಣ ಮೂಡಿದವರು ಕೂಗುತ್ತಿದ್ದರು. ನಾನು ಮೇಜಿನ ಮುಂದೆ ನಿಂತು, ಆ ಬಣ್ಣ ಏನೆಂದು, ಎರಡನೆಯ ಜಾಡಿ ಯಾಕೆ ಬೇಕೆಂದು, ನಾನು ಅದನ್ನು ಯಾಕೆ ಬಿಟ್ಟೆನೆಂದು ಮೊದಲಿಂದ ಹೇಳಿದೆ. ಕೂಗು ನಿಂತಿತು. ಹಗ್ಗಕ್ಕೆ ತೂಗುಹಾಕಿದ ನಲವತ್ತೊಂದು ಕಿತ್ತಳೆ ಎಳೆಗಳ ನಡುವೆ ಬಿಳಿಯದು ದೂರಕ್ಕೂ ಕಾಣುತ್ತಿತ್ತು. ಮುಂದಿನ ಬೆಂಚಿನ ಅಮೋಘ ಎದ್ದುಹೋಗಿ ಅದರ ಚೀಟಿ ಓದಿದ.

“ಬನಶ್ರೀ,” ಎಂದ. ಆಮೇಲೆ ನನ್ನ ಕಡೆ ತಿರುಗಿದ. “ನಿಮಗ ಮೊದಲs ಗೊತ್ತಿತ್ತೇನ್ರಿ?”

ಇಲ್ಲ ಎಂದೆ. ಆ ‘ಇಲ್ಲ’ವನ್ನು ಯಾರೂ ನಂಬಲಿಲ್ಲ. ನಂಬಲು ನಾನು ಏನು ಉಳಿಸಿದ್ದೆ? ಬನಶ್ರೀ ತನ್ನ ಬಾಟಲಿಯನ್ನು ಬೆಂಚಿನ ಕೆಳಗೆ ಸರಿಸಿದಳು. ಅವಳ ಪಕ್ಕದ ಹುಡುಗಿ ಒಂದಿಷ್ಟು ಆಚೆ ಸರಿದು ಕೂತಳು. ನನ್ನ ಮಗಳ ಮುಖಕ್ಕೆ ಒಂದೇ ಬೆಳಿಗ್ಗೆ ಎಷ್ಟು ವಯಸ್ಸಾಯಿತು.

ಎಳೆಗಳನ್ನೆಲ್ಲ ಬಿಚ್ಚಿ ಚೀಲಕ್ಕೆ ಹಾಕಿಕೊಂಡು ಪ್ಲಾಂಟಿಗೆ ನಡೆದೆ. ಮಧ್ಯಾಹ್ನದ ಬಿಸಿಲು. ಕಂಟ್ರೋಲ್ ರೂಮಿನ ಗೋಡೆಯ ತುಂಬ ಊರಿನ ನಕ್ಷೆ, ಅದರಲ್ಲಿ ಹಳ್ಳ ನೀಲಿ ಗೆರೆಯಾಗಿ ಮಿನುಗುತ್ತಿತ್ತು. ಎರಡು ಕುರ್ಚಿ. ಒಂದರಲ್ಲಿ ನನ್ನ ಗಂಡ. ಇನ್ನೊಂದರಲ್ಲಿ ಮೊದಲ ತೊಟ್ಟಿಯ ಗುರುಸಿದ್ದಪ್ಪ, ಅಮೋಘನ ತಂದೆ. ಇಬ್ಬರೂ ಆಗಷ್ಟೇ ಬುತ್ತಿ ಬಿಚ್ಚಿ ಒಬ್ಬರ ಪಲ್ಯ ಇನ್ನೊಬ್ಬರು ಹಾಕಿಕೊಂಡು ಕೂತಿದ್ದರು. ಸಾಹೇಬ ಊರಲ್ಲಿರಲಿಲ್ಲ.

ಬರ್ರಿ ವೈನಿ, ಉಣ್ಣಾಕ ಬರ್ರಿ ಎಂದರು ಗುರುಸಿದ್ದಪ್ಪ. ನಾನು ಎಳೆಗಳನ್ನು ಅವರ ಮೇಜಿನ ಮೇಲೆ ಸಾಲಾಗಿ ಹರಡಿದೆ. ಅವರು ಒಂದೊಂದೇ ಚೀಟಿ ಓದುತ್ತ ಬಂದರು. ಎಲ್ಲ ಗೊತ್ತಿರುವ ಮನೆಯ ಹೆಸರುಗಳು. ಮಗನ ಹೆಸರಿಗೆ ಬಂದಾಗ ನಿಂತರು. ಇದೇನು ಎಂದು ಕೇಳಿದರು. ನಾನು ಹೇಳಿದೆ.

ನಂಬಲಿಲ್ಲ. ಎದುರಿನ ಪರದೆ ನೋಡಿದರು, ಎರಡನೆಯ ತೊಟ್ಟಿಯ ಹಸಿರು ದೀಪ ಉರಿಯುತ್ತಿತ್ತು. ಎದ್ದು ಹೋಗಿ ಹಿಂಬದಿಯ ಬಾಗಿಲು ತೆರೆದರು. ಆ ಬಾಗಿಲು ಚನ್ನಬಸು ಅವರ ಪಾಲಿನದು, ಏಳು ತಿಂಗಳು ಗುರುಸಿದ್ದಪ್ಪ ಅದನ್ನು ತೆರೆದಿರಲಿಲ್ಲ. ಗೆಳೆಯನ ಕೆಲಸದಲ್ಲಿ ಇಣುಕಿ ನೋಡುವ ಪದ್ಧತಿ ಅವರಲ್ಲಿರಲಿಲ್ಲ. ಹೊರಗೆ ತೊಟ್ಟಿಯ ನೀರು ಒಂದು ಗುಳ್ಳೆಯೂ ಇಲ್ಲದೆ ಕನ್ನಡಿಯಂತೆ ಬಿದ್ದಿತ್ತು. ಒಂದು ಕೊಕ್ಕರೆ ಅಂಚಿನಲ್ಲಿ ನಿಂತಿತ್ತು.

ಒಳಗೆ ಬಂದು ತಮ್ಮ ಕುರ್ಚಿಯ ಹಿಂದೆ ನಿಂತರು. ದನಿ ಎತ್ತರವಾಗಲಿಲ್ಲ.

“ದಿನಾ ನನ್ನ ಬುತ್ತಿ ನೀ ಉಂಡಿ, ನಿನ್ನ ಬುತ್ತಿ ನಾ ಉಂಡೆ. ನನ್ನ ಮಗಗ ಒಂದು ಬಾಟಲಿ ತಂದಕೊಡಬೇಕಂತ ಅನಸಲಿಲ್ಲೇನೋ, ಚನ್ನಬಸು?”

ನನ್ನ ಗಂಡ ಬುತ್ತಿಯ ಮುಚ್ಚಳವನ್ನು ಹಿಡಿದುಕೊಂಡೇ ಇದ್ದರು. ತಂದುಕೊಟ್ಟಿದ್ದರೆ ಯಾಕೆಂದು ನೀನು ಕೇಳುತ್ತಿದ್ದೆ ಎಂದಷ್ಟೇ ಹೇಳಿದರು.

ಎರಡನೆಯ ತೊಟ್ಟಿಯ ಹುಳವನ್ನು ಹೊಸದಾಗಿ ಬೆಳೆಸಲು ಎಷ್ಟು ದಿನ ಎಂದು ಗುರುಸಿದ್ದಪ್ಪ ಕೇಳಿದರು. ನಲವತ್ತು ದಿನ ಎಂಬ ಉತ್ತರ ಬಂತು. ಅಷ್ಟು ದಿನ ಊರು ಕುಡಿಯದೆ ಇರಬೇಕು, ಆದರೆ ನೀರು ಹೀಗೆ ತಿಳಿಯಾಗಿ ಇರುವವರೆಗೆ ಯಾರೂ ಬಿಡುವುದಿಲ್ಲ, ಹತ್ತೊಂಬತ್ತು ಮನೆ ಅಲೆದು ಬಂದಿದ್ದೇನೆ ಎಂದೆ. ಗುರುಸಿದ್ದಪ್ಪ ಗೋಡೆಯ ನೀಲಿ ಗೆರೆಯ ಕಡೆ ನೋಡಿದರು. ತೊಟ್ಟಿಗಳೆರಡನ್ನೂ ಬಳಸದೆ ಬಣ್ಣದ ನೀರನ್ನು ನೇರವಾಗಿ, ಹಳ್ಳಕ್ಕೂ ಶಾಲೆಯ ನಲ್ಲಿಗೂ ಹೋಗುವ ಹೊರಗಾಲುವೆಗೆ ಬಿಡುವ ಗೇಟೊಂದಿದೆ, ಪ್ರವಾಹ ಬಂದಾಗ ಮಾತ್ರ ತೆರೆಯುವುದು. ಅದರ ಚಾವಿ ಅವರ ಸೊಂಟದಲ್ಲೇ ಇತ್ತು.

ನನ್ನ ಗಂಡ ಎದ್ದು ಅಡ್ಡ ನಿಂತರು. “ಮಗ್ಗ ನಿಲ್ತಾವು. ನಿನ್ನ ಮನ್ಯಾಗೂ ಎರಡು ಅದಾವು.”

“ನಿಲ್ಲಲಿ,” ಎಂದರು ಗುರುಸಿದ್ದಪ್ಪ.

ಅವರಿಬ್ಬರೂ ನೂಕಾಡಲಿಲ್ಲ. ನನ್ನ ಗಂಡ ತಾವಾಗಿಯೇ ಪಕ್ಕಕ್ಕೆ ಸರಿದರು. ಅಡ್ಡ ನಿಲ್ಲುವ ಗಟ್ಟಿತನವೂ ಅವರಲ್ಲಿ ಇರಲಿಲ್ಲ. ಏಳು ತಿಂಗಳ ಹಿಂದೆ ಸಾಹೇಬನ ಎದುರಿಗೂ ಹೀಗೆಯೇ ಸರಿದಿರಬೇಕು.

ಗುರುಸಿದ್ದಪ್ಪ ಗೇಟು ತೆರೆದ ಮೇಲೆ ನಾನು ಹಳ್ಳದ ದಂಡೆ ಹಿಡಿದು ಹಿಂದಿರುಗಿದೆ. ಕೆಂಪು ನನ್ನ ಜೊತೆಜೊತೆಗೇ ಇಳಿದು ಬಂತು. ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಪಾತ್ರೆ ತೊಳೆಯುತ್ತಿದ್ದ ಹೆಂಗಸರು ಏನನ್ನೂ ಕೇಳಲಿಲ್ಲ. ನೀರನ್ನು ನೋಡಿದರು, ಪಾತ್ರೆಗಳನ್ನು ಎತ್ತಿಕೊಂಡರು, ನೀರಲ್ಲಿದ್ದ ಕೂಸುಗಳನ್ನು ತೋಳು ಹಿಡಿದು ಎಳೆದುಕೊಂಡು ಹೋದರು. ನಾನು ಹತ್ತೊಂಬತ್ತು ಮನೆಯಲ್ಲಿ ಮಾಡಲಾಗದ್ದು ಅರ್ಧ ಗಂಟೆಯಲ್ಲಿ ಆಯಿತು. ಶಾಲೆಯ ನಲ್ಲಿಯಲ್ಲೂ ಗುಲಾಬಿ ನೀರು ಬಂದದ್ದನ್ನು ನೋಡಿ ಹೆಡ್ ಮಾಸ್ತರರು ಯಾವ ಕಾಗದಕ್ಕೂ ಕಾಯದೆ ಅದಕ್ಕೆ ಗೋಣಿಚೀಲ ಕಟ್ಟಿಸಿದರು. ಮುಂದಿನ ಗಂಟೆ ಆಕಾಶದ ಕಣ್ಣು ಬಂದು ಹೋಯಿತು. ಇಡೀ ಊರಿನ ಮಗ್ಗಗಳ ಸದ್ದು ಒಮ್ಮೆಲೇ ನಿಂತಾಗ, ಹುಟ್ಟಿದಾಗಿನಿಂದ ಆ ಸದ್ದಿನಲ್ಲೇ ಮಲಗಿದ್ದ ಕೂಸುಗಳು ಎದ್ದು ಅತ್ತವು.

ಆ ನಲವತ್ತು ದಿನ ಹೇಗೆ ಕಳೆದವೆಂದು ಹೇಳುವುದು ಕಷ್ಟ. ಕೆಲವರು ನಮ್ಮ ಬಾಗಿಲ ಮುಂದೆ ನಿಂತು ಬೈದರು. ಗಂಡ ವಿಷ ಕುಡಿಸಿದ, ಹೆಂಡತಿ ಅನ್ನ ಕಿತ್ತುಕೊಂಡಳು ಎಂದರು. ಎರಡೂ ನಿಜವೇ, ಬಾಗಿಲು ಹಾಕಿಕೊಳ್ಳಲಿಲ್ಲ. ದೊಡ್ಡ ಊರಿನಿಂದ ವೈದ್ಯರು ಬಂದು ಮಕ್ಕಳ ರಕ್ತ, ಮೂತ್ರ ಒಯ್ದರು. ಸದ್ಯಕ್ಕೆ ಏನೂ ಕಾಣುತ್ತಿಲ್ಲ, ಇದು ದಿನಗಳಲ್ಲಿ ಕಾಣುವಂಥದ್ದಲ್ಲ, ವರ್ಷ ವರ್ಷ ನೋಡುತ್ತಿರಬೇಕು ಎಂದರು. ಎಷ್ಟು ವರ್ಷ ಎಂದು ತಸ್ಲೀಮಾಳ ತಾಯಿ ಕೇಳಿದಳು. ಅವರು ಪೆನ್ನಿನ ಮುಚ್ಚಳ ಹಾಕುತ್ತ, ಇಪ್ಪತ್ತು ಎಂದರು.

ಸಾಹೇಬನ ಮೇಲೂ ನನ್ನ ಗಂಡನ ಮೇಲೂ ವಿಚಾರಣೆ ನಡೆದಿದೆ. ಅವರು ಮನೆಯಲ್ಲೇ ಇದ್ದಾರೆ. ರೊಟ್ಟಿ ಬಡಿಯುತ್ತೇನೆ, ಬಡಿಸುತ್ತೇನೆ, ಬಟ್ಟೆ ಒಗೆಯುತ್ತೇನೆ, ಬೇಕಾದಷ್ಟೇ ಮಾತಾಡುತ್ತೇನೆ. ಬನಶ್ರೀ ಈಗ ಟ್ಯಾಂಕರಿನ ಸಾಲಿನಲ್ಲಿ ಗೆಳತಿಯರ ಜೊತೆ ನಿಂತು ತನ್ನ ನೀರು ತಾನೇ ತರುತ್ತಾಳೆ. ಅವಳ ಪಕ್ಕದ ಹುಡುಗಿ ಮೊದಲ ವಾರ ಮಾತಾಡಲಿಲ್ಲವಂತೆ, ಈಗ ಆಡುತ್ತಾಳಂತೆ. ತಂದೆಯ ಹತ್ತಿರ ಇವಳು ಇನ್ನೂ ಮಾತಾಡಿಲ್ಲ. ಸಂಜೆ ಅವರು ಕರೆದರೆ ಪುಸ್ತಕ ಹಿಡಿದು ಹಿತ್ತಿಲಿಗೆ ಹೋಗುತ್ತಾಳೆ. ಅವಳಿಗೆ ಬುದ್ಧಿ ಹೇಳಲು ಹೋಗಿಲ್ಲ. ಅವರು ಅವಳಿಗಾಗಿಯೇ ಮಾಡಿದ ಕೆಲಸ ಅದು, ಅದನ್ನು ಹೊರುವ ಭಾರವೂ ಅವಳದೇ ಆಯಿತು.

ಶಾಲೆಗೆ ನಾನು ಮರುವಾರವೇ ಹೋದೆ. ಬೇರೆ ಊರಿಗೆ ವರ್ಗ ಕೇಳಿಕೊಳ್ಳಿ ಎಂದು ಹೆಡ್ ಮಾಸ್ತರರು ಮೆತ್ತಗೆ ಹೇಳಿದರು. ಒಲ್ಲೆ ಎಂದೆ. ಮಕ್ಕಳು ಎದ್ದು ನಮಸ್ಕಾರ ಹೇಳಿದರು, ಕೂತರು. ಪಠ್ಯದಂತೆ ಮುಂದಿನ ಪಾಠ ಆಮ್ಲ ಮತ್ತು ಪ್ರತ್ಯಾಮ್ಲಗಳದು. ಆಮ್ಲವೂ ಪ್ರತ್ಯಾಮ್ಲವೂ ಸೇರಿದರೆ ಲವಣ ಮತ್ತು ನೀರು ಉಂಟಾಗುತ್ತವೆ ಎಂದು ನಿಧಾನವಾಗಿ ಹೇಳಿ ಬರೆದುಕೊಳ್ಳಲು ಸಮಯ ಕೊಟ್ಟೆ. ಹಿಂದೆಲ್ಲ ನಾನು ಬಾಯಿ ತೆರೆಯುವ ಮೊದಲೇ ಪೆನ್ನುಗಳು ಓಡುತ್ತಿದ್ದವು. ಅಂದು ಒಂದೂ ಅಲ್ಲಾಡಲಿಲ್ಲ. ಬನಶ್ರೀಯದೂ ಅಲ್ಲಾಡಲಿಲ್ಲ.

ತಸ್ಲೀಮಾ ಎದ್ದು ನಿಂತಳು. ಸಿಟ್ಟು ಇರಲಿಲ್ಲ ಅವಳ ಮುಖದಲ್ಲಿ. “ಮಾಡಿ ತೋರಸ್ರಿ ಅಕ್ಕೋರ. ಆಮ್ಯಾಲೆ ಬರ್ಕೋತೀವಿ.”

ಮಾಡಿ ತೋರಿಸಿದೆ. ಹನಿಹನಿಯಾಗಿ ಬೆರೆಸಿ, ಲಿಟ್ಮಸ್ ಕಾಗದವನ್ನು ಒಬ್ಬೊಬ್ಬರ ಕೈಗೂ ಕೊಟ್ಟು, ದ್ರಾವಣವನ್ನು ಪಿಂಗಾಣಿ ಬಟ್ಟಲಲ್ಲಿಟ್ಟು ಕಾಸಿದೆ. ಅವಧಿ ಮುಗಿದ ಗಂಟೆ ಹೊಡೆಯಿತು. ಯಾರೂ ಏಳಲಿಲ್ಲ. ಮೇಜಿನ ಸುತ್ತ ನೆರೆದು, ನೀರೆಲ್ಲ ಆರಿ ತಳದಲ್ಲಿ ಉಪ್ಪಿನ ಬಿಳಿ ಹರಳುಗಳು ಮೂಡುವವರೆಗೆ ನೋಡಿದರು. ದೀಪ ಆರಿಸಲು ನಾನು ಬಗ್ಗಿದಾಗ ಅಮೋಘ ಬೆರಳು ತೋರಿಸಿದ. ಉಪ್ಪಿನ ಕಡೆಗಲ್ಲ, ಕೈತೊಟ್ಟಿಯ ಹತ್ತಿರವಿದ್ದ ಜಾಡಿಯ ಕಡೆಗೆ. ಬಳಸಿ ಉಳಿದ ಆಮ್ಲ, ತೊಳೆದ ನೀರು, ಒದ್ದೆ ಕಾಗದದ ಚೂರುಗಳೆಲ್ಲ ಅದರಲ್ಲಿದ್ದವು.

“ಇದು ಎಲ್ಲಿಗೆ ಹೋಗ್ತೈತ್ರಿ?”

ಹನ್ನೊಂದು ವರ್ಷ ನಾನು ಅದನ್ನು ಆ ಕೈತೊಟ್ಟಿಗೆ ಸುರಿದಿದ್ದೆ. ಕೆಳಗಿನ ಕೊಳವೆ ಗೋಡೆ ದಾಟಿ ಎಲ್ಲಿಗೆ ಹೋಗುತ್ತದೆಂದು ಒಮ್ಮೆಯೂ ನೋಡಿರಲಿಲ್ಲ. ಗೊತ್ತಿಲ್ಲ ಎಂದೆ. ಏನೂ ಸೇರಿಸದೆ ಅವನ ಪ್ರಶ್ನೆಯನ್ನು ಅವನು ಕೇಳಿದ ಹಾಗೆಯೇ ಹಲಗೆಯ ಮೇಲೆ ಬರೆದೆ.

ಅವರು ಬೆಂಚಿಗೆ ಹಿಂದಿರುಗಿದರು. ಅದೊಂದನ್ನು ಎಲ್ಲರೂ ಬರೆದುಕೊಂಡರು.